ಕೂಗು ಕೇಳಿದರೆ ಬಗ್ಗುವ ಊರು

ತುಮಕೂರು

ಗಾಲ್ಫ್ ಎಂದರೆ ತುಮಕೂರಿನ ನಮ್ಮ ಮನೆಯಲ್ಲಿ ಟಿ.ವಿ. ಚಾನೆಲ್ ಬದಲಾಯಿಸುವಾಗ ಅರೆಗಳಿಗೆ ಕಂಡು ಮಾಯವಾಗುವ ಹಸಿರು. ಯಾರೋ ಟೋಪಿ ಹಾಕಿಕೊಂಡು ನಿಂತಿರುತ್ತಾರೆ, ಯಾರೂ ಓಡುವುದಿಲ್ಲ, ಅಷ್ಟರಲ್ಲಿ ಮುಂದಿನ ಚಾನೆಲ್ ಬಂದಿರುತ್ತದೆ. ಆ ಹಸಿರಿನ ಪಕ್ಕದಲ್ಲಿ ಮನೆ ಹುಡುಕಲು ನಾನು ಅಮೆರಿಕದ ಫ್ಲಾರಿಡಾಕ್ಕೆ ಹೋಗಿ ಬಂದೆ ಎಂದರೆ ನಮ್ಮ ಬೀದಿಯವರು ಇನ್ನೂ ಪೂರ್ತಿ ನಂಬಿಲ್ಲ. "ಸಮುದ್ರ ನೋಡಿದ್ರಾ?" ಎಂದು ಕೇಳುತ್ತಾರೆ. ಕಾರಿನ ಕಿಟಕಿಯಿಂದ ನೋಡಿದೆ. ಹೆಚ್ಚಾಗಿ ನೋಡಿದ್ದು ಹುಲ್ಲು.

ಮನೆ ನನಗಲ್ಲ, ನಮ್ಮ ಅಕ್ಕ ಗಂಗಾ ಮತ್ತು ಭಾವ ರುದ್ರೇಶ್ ಅವರಿಗೆ. ಅಕ್ಕ ನರ್ಸ್. ಬಹಳ ವರ್ಷಗಳ ಹಿಂದೆ ಮಿಷಿಗನ್ ರಾಜ್ಯದ ಆಸ್ಪತ್ರೆಯೊಂದಕ್ಕೆ ಕೆಲಸಕ್ಕೆ ಹೋದಳು. ಭಾವ ಹಿರೇಹಳ್ಳಿಯ ಒಂದು ವರ್ಕ್‌ಶಾಪಿನಲ್ಲಿ ಕಬ್ಬಿಣ ಕಡೆಯುವ ಲೇತ್ ಯಂತ್ರ ನಡೆಸುತ್ತಿದ್ದವರು. ಅವಳ ಹಿಂದೆ ಅವರು ಹೋದರು. ಅಲ್ಲಿಯ ಕಾರ್ಖಾನೆಯಲ್ಲಿ ಜೊತೆಯವರು ವಾರಕ್ಕೊಮ್ಮೆ ಪಾಳಿ ಮುಗಿಸಿ ಊರಿನ ಮುನಿಸಿಪಾಲಿಟಿಯ ಗಾಲ್ಫ್ ಮೈದಾನಕ್ಕೆ ಹೋಗುತ್ತಿದ್ದರಂತೆ. ಒಂದು ದಿನ ಸುಮ್ಮನೆ ಜೊತೆಗೆ ಹೋದ ಭಾವನಿಗೆ ಆ ಹುಚ್ಚು ಹಿಡಿದು ಮತ್ತೆ ಬಿಡಲಿಲ್ಲ. ಈಗ ಇಬ್ಬರೂ ನಿವೃತ್ತರು. ಮಿಷಿಗನ್ನಿನ ಹಿಮದಲ್ಲಿ ಅಕ್ಕನ ಮಂಡಿ ಕೇಳುವುದಿಲ್ಲ, ಭಾವನಿಗೆ ಆಡುವ ತಿಂಗಳುಗಳು ಸಾಲುವುದಿಲ್ಲ. ದಕ್ಷಿಣದ ಬೆಚ್ಚಗಿನ ಫ್ಲಾರಿಡಾದಲ್ಲಿ, ಗಾಲ್ಫ್ ಮೈದಾನದ ಸುತ್ತ ಕಟ್ಟಿದ ಬಡಾವಣೆಯೊಂದರಲ್ಲಿ ಮನೆ ಕೊಂಡು ಉಳಿದ ಕಾಲ ಅಲ್ಲೇ ಕಳೆಯುವುದು ಎಂದು ಭಾವ ತೀರ್ಮಾನಿಸಿದ್ದರು. ಅಕ್ಕ ಒಂದೇ ಷರತ್ತು ಹಾಕಿದಳು.

"ಸುಮಿ ಬಂದು ನೋಡ್ಲಿ. ಆಮೇಲೆ ಸೈನ್ ಹಾಕ್ತೀನಿ."

"ಅವಳಿಗೆ ಗಾಲ್ಫ್ ಏನು ಗೊತ್ತೇ?" ಎಂದರಂತೆ ಭಾವ.

"ಗಾಲ್ಫ್ ನಿಮಗೆ ಗೊತ್ತಲ್ಲ, ಸಾಕು. ಅವಳಿಗೆ ನಾನು ಗೊತ್ತು."

ಸುಮಿ ಎಂದರೆ ನಾನು, ಸುಮಿತ್ರಾ. ಕುಣಿಗಲ್ಲಿನ ಕೋರ್ಟಿನಲ್ಲಿ ಸಾಕ್ಷಿಗಳ ಹೇಳಿಕೆಗಳನ್ನು ಬೆರಳಚ್ಚು ಮಾಡುತ್ತಾ ನಿವೃತ್ತಳಾದವಳು. ನೋಡಿದ್ದಕ್ಕೂ ನೋಡಿದೆನೆಂದುಕೊಂಡದ್ದಕ್ಕೂ ನಡುವೆ ಎಷ್ಟು ದೂರವಿದೆ ಎಂಬುದು ಅಲ್ಲಿ ಕೂತು ಕೂತು ತಿಳಿದಿದೆ. ಈ ಪ್ರವಾಸದಲ್ಲಿ ನಡೆದ ಒಂದು ಸಂಗತಿಯನ್ನು ಹೇಳುವಾಗ ತಪ್ಪಬಾರದು. ಆದ್ದರಿಂದ ನಿಧಾನವಾಗಿ ಬರೆಯುತ್ತೇನೆ. ಕಂಡದ್ದನ್ನು ಕಂಡೆ ಎಂದೂ, ಕಾಣದ್ದನ್ನು ಕಾಣಲಿಲ್ಲ ಎಂದೂ ಹೇಳುತ್ತೇನೆ. ನಮ್ಮ ಯಜಮಾನರು ಚೇಳೂರಿನ ತೋಟ ನೋಡಿಕೊಳ್ಳಲು ಉಳಿದರು. ನಾನು ಹುರಿಗಾಳು, ಚಟ್ನಿಪುಡಿ, ಎರಡು ಹತ್ತಿ ಸೀರೆ ತುಂಬಿಕೊಂಡು ಹೊರಟೆ.

ಮೊದಲ ಗೇಟು

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಒಂದು ಸಣ್ಣ ಚೆಂಡು, ನಿಂಬೆಹಣ್ಣಿನ ಗಾತ್ರ, ಒಣಗಿದ ಅಡಿಕೆಯಷ್ಟು ಗಟ್ಟಿ. ಅದನ್ನು ಕೋಲಿನಿಂದ ಬಡಿದು ಬಹಳ ದೂರದ ಒಂದು ಗುಳಿಗೆ ಸೇರಿಸಬೇಕು. ಅಂಥ ಹದಿನೆಂಟು ಗುಳಿಗಳಾದರೆ ಒಂದು ಮೈದಾನ. ನಡೆಯಲಾರದವರಿಗೆ ಬ್ಯಾಟರಿಯ ಪುಟ್ಟ ಬಂಡಿ ಇರುತ್ತದೆ. ಗಾಲ್ಫ್ ಬಡಾವಣೆ ಎಂದರೆ ಈ ಹುಲ್ಲಿನ ಹಾದಿಗಳ ಎರಡೂ ಬದಿಗೆ ಮನೆಗಳು, ಸುತ್ತ ಗೋಡೆ, ಮುಂದೆ ಗೇಟು, ಗೇಟಿನಲ್ಲಿ ಹೆಸರು ಕೇಳುವ ಕಾವಲುಗಾರ.

ನಾವು ನೋಡಿದ ಮೊದಲ ಬಡಾವಣೆಯಲ್ಲಿ ಮನೆಗಳೆಲ್ಲ ಒಂದೇ ಬಣ್ಣ, ಹದವಾಗಿ ಹಾಲು ಬೆರೆಸಿದ ಕಾಫಿಯ ಬಣ್ಣ. ಬೇರೆ ಬಣ್ಣ ಬಳಿಯುವಂತಿಲ್ಲ. ಹೊರಗೆ ಬಟ್ಟೆ ಒಣಗಿಸುವಂತಿಲ್ಲ. ಗ್ಯಾರೇಜಿನ ಬಾಗಿಲು ತೆರೆದಿಡುವಂತಿಲ್ಲ. ಮನೆ ತೋರಿಸಲು ಬಂದ ಲಿಂಡಾ ಎಂಬ ಹೆಂಗಸು ಇದನ್ನೆಲ್ಲ ಹಬ್ಬದ ಅಡುಗೆ ಹೇಳಿದಷ್ಟು ಸಂತೋಷದಿಂದ ಹೇಳಿದಳು. ಮನೆ ಕೊಂಡರೆ ಕ್ಲಬ್ಬಿನ ಸದಸ್ಯತ್ವವೂ ಕಡ್ಡಾಯ. ಆಡಿದರೂ ಕಟ್ಟಬೇಕು, ಆಡದಿದ್ದರೂ ಕಟ್ಟಬೇಕು. ಅದರ ಮೇಲೆ ಪ್ರತಿ ತಿಂಗಳು ಕ್ಲಬ್ಬಿನ ಹೋಟೆಲಿನಲ್ಲಿ ಇಂತಿಷ್ಟು ತಿನ್ನಲೇಬೇಕು.

"ತಿನ್ನದೇ ಇದ್ರೆ?" ಎಂದು ಅಕ್ಕ ಭಾವನನ್ನು ಕನ್ನಡದಲ್ಲಿ ಕೇಳಿದಳು.

"ತಿಂದಂಗೇ ಲೆಕ್ಕ."

"ಸೊಪ್ಪಿನ ಸಾರು ಮಾಡ್ತಾರಂತಾ?"

"ಗಂಗಾ, ಸ್ವಲ್ಪ ಸುಮ್ನಿರೇ."

ಅಕ್ಕ ಅಡುಗೆಮನೆಯ ಕಿಟಕಿಯಿಂದ ಹೊರಗೆ ನೋಡಿ, "ಮಾತಾಡ್ಸೋಕೆ ಒಬ್ಬ ಮನುಷ್ಯನೂ ಕಾಣ್ತಿಲ್ವಲ್ಲೇ ಸುಮಿ" ಎಂದಳು. ನಿಜ. ಮನೆಗಳಿದ್ದವು, ಬಂಡಿಗಳಿದ್ದವು, ಹುಲ್ಲಿಗೆ ನೀರು ಚಿಮುಕಿಸುವ ಕೊಳವೆಗಳಿದ್ದವು. ಬೀದಿಯಲ್ಲಿ ಯಾರೂ ಇರಲಿಲ್ಲ. ಗುಬ್ಬಿಯ ಸಂತೆಯ ದಿನ ಹುಟ್ಟಿದವಳು ಎಂದು ನಮ್ಮಮ್ಮ ಅವಳನ್ನು ಹಾಸ್ಯ ಮಾಡುತ್ತಿದ್ದರು. ಜನ ಕಾಣದಿದ್ದರೆ ಅವಳಿಗೆ ಊಟ ಸೇರುವುದಿಲ್ಲ.

ಹೊರಬರುವಾಗ ತೆಂಗಿನ ಮರಗಳ ಸಾಲು ಸಿಕ್ಕಿತು. ಒಬ್ಬ ಆಳು ಎತ್ತುವ ಯಂತ್ರದ ತೊಟ್ಟಿಲಲ್ಲಿ ನಿಂತು ಎಳೆಯ ಗೊನೆಗಳನ್ನೆಲ್ಲ ಕೊಯ್ದು ಕೆಳಗಿನ ಕಸದ ಲಾರಿಗೆ ಹಾಕುತ್ತಿದ್ದ. ಕಾಯಿ ಬಲಿತು ಯಾರ ತಲೆಯ ಮೇಲಾದರೂ ಬಿದ್ದರೆ ಬಡಾವಣೆಯವರು ಉತ್ತರ ಹೇಳಬೇಕಾಗುತ್ತದೆ, ಅದಕ್ಕೇ ಮರಕ್ಕೆ ಕಾಯಿ ಬಿಡಲು ಬಿಡುವುದಿಲ್ಲ ಎಂದಳು ಲಿಂಡಾ. ಆಮೇಲೆ ಭಾವ ಕಾರು ನಿಲ್ಲಿಸಿ ಇಳಿದು ಹೋಗಿ ಕೇಳಿಕೊಂಡು ಡಿಕ್ಕಿಯ ತುಂಬ ಎಳನೀರು ಹಾಕಿಸಿಕೊಂಡು ಬಂದರು. ನಾವು ಇಳಿದುಕೊಂಡಿದ್ದ ಬಾಡಿಗೆ ಮನೆಯಲ್ಲಿ ಮಚ್ಚು ಇರಲಿಲ್ಲ. ಮನೆಯೊಡೆಯನ ತರಕಾರಿ ಚಾಕು ಬಾಗಿಹೋಯಿತು. ಕೊನೆಗೆ ಭಾವ ಪಕ್ಕದ ಮನೆಯಿಂದ ಗೋಡೆ ಕೊರೆಯುವ ಡ್ರಿಲ್ ತಂದು, ಕಾಯಿಯನ್ನು ಅಕ್ಕನ ಕೈಯಲ್ಲಿ ಹಿಡಿಸಿ, ಲೇತಿನ ಮುಂದೆ ನಿಂತವರ ಹಾಗೆ ಒಂದು ಕಣ್ಣು ಮುಚ್ಚಿ ತೂತು ಕೊರೆದರು. ನೀರು ಕುಡಿದೆವು. ಸಿಹಿಯಾಗಿತ್ತು, ಸ್ವಲ್ಪ ಕಬ್ಬಿಣದ ರುಚಿಯೂ ಇತ್ತು.

ಅಗ್ಗದ ಹುಲ್ಲು

ಬಡಾವಣೆ ನೋಡುವುದರ ನಡುವೆ ಭಾವ ನಮ್ಮನ್ನು ಸುತ್ತಲಿನ ಸಾರ್ವಜನಿಕ ಮೈದಾನಗಳಿಗೂ ಕರೆದುಕೊಂಡು ಹೋದರು. "ಕ್ಲಬ್ ಸದಸ್ಯತ್ವ ಇದ್ರೂ ಇರ್ಲಿ, ಅಗ್ಗದ್ದೊಂದು ಕೈಲಿರ್ಬೇಕು ಕಣಮ್ಮ" ಎನ್ನುವುದು ಅವರ ವಾದ. ಮೈದಾನ ಹುಡುಕುವ ಅವರ ವಿಧಾನ ನೋಡಿ ನನಗೆ ನಗು ಬಂತು. ಫೋನಿನಲ್ಲಿ ಎಲ್ಲ ಸಿಗುತ್ತಿದ್ದರೂ ಅವರು ಕಾರ್ ರಿಪೇರಿ ಅಂಗಡಿಗಳಲ್ಲಿ, ಕ್ಷೌರದಂಗಡಿಯಲ್ಲಿ ಕೇಳುತ್ತಿದ್ದರು. ದುಡಿದು ತಿನ್ನುವವರು ಎಲ್ಲಿ ಆಡುತ್ತಾರೋ ಅಲ್ಲಿ ಬೆಲೆ ಸರಿಯಿರುತ್ತದೆ ಎಂಬ ನಂಬಿಕೆ. ಮಧ್ಯಾಹ್ನ ಇಳಿದ ಮೇಲೆ ಹೋದರೆ ಕಡಿಮೆ. ಉತ್ತರದವರು ತಮ್ಮ ಊರುಗಳಿಗೆ ಮರಳುವ ಸೆಕೆಯ ಕಾಲದಲ್ಲಿ ಇನ್ನೂ ಕಡಿಮೆ. ಗುಡುಗು ಮಳೆ ಬಂದು ಹೋದ ಮೇಲಂತೂ ಬಾ ಎಂದು ಕರೆಯುತ್ತಾರೆ.

ಒಂದು ಮೈದಾನದಲ್ಲಿ ಹುಲ್ಲಿಗಿಂತ ಮರಳೇ ಹೆಚ್ಚಿತ್ತು. ಇನ್ನೊಂದರಲ್ಲಿ ನಮ್ಮ ಉಡದಷ್ಟು ದೊಡ್ಡ ಹಸಿರು ಓತಿಗಳು ಬಿಸಿಲು ಕಾಯಿಸುತ್ತಾ ಮಲಗಿದ್ದವು. ಚೆಂಡು ಪಕ್ಕದಲ್ಲೇ ಬಿದ್ದರೂ ಕಣ್ಣು ತೆರೆಯಲಿಲ್ಲ. ಮುನಿಸಿಪಾಲಿಟಿಯ ಮೈದಾನ ನನಗೆ ಹಿಡಿಸಿತು. ಟಿಕೆಟ್ ಕಿಟಕಿಯಲ್ಲಿ ಕೂತಿದ್ದ ಕಪ್ಪು ವರ್ಣದ ಮುದುಕಿ ಯಾರ ಜೊತೆ ಯಾರು ಆಡಬೇಕು ಎಂದು ಹೇಳುತ್ತಿದ್ದಳು, ನಮ್ಮಲ್ಲಿ ಪಂಕ್ತಿಗೆ ಕೂರಿಸುವವರ ಹಾಗೆ. ಒಂಟಿಯಾಗಿ ಬಂದವರನ್ನು ಒಂಟಿಯಾಗಿ ಆಡಲು ಬಿಡುವುದಿಲ್ಲ. ಭಾವನನ್ನು ಒಬ್ಬ ಬಸ್ ಡ್ರೈವರ್ ಮತ್ತು ಒಬ್ಬ ಪಾದ್ರಿಯ ಜೊತೆ ಸೇರಿಸಿದಳು. ಅಕ್ಕನನ್ನು ತನ್ನ ಪಕ್ಕದ ಕುರ್ಚಿಯಲ್ಲಿ ಕೂರಿಸಿಕೊಂಡಳು. ಮಂಡಿನೋವಿನಿಂದ ಶುರುವಾದ ಅವರಿಬ್ಬರ ಮಾತು ಭಾವ ಹದಿನೆಂಟು ಗುಳಿ ಮುಗಿಸಿ ಬಂದರೂ ಮುಗಿದಿರಲಿಲ್ಲ.

"ಈ ಜಾಗ ಚೆನ್ನಾಗಿದೆ" ಎಂದಳು ಅಕ್ಕ ಕಾರಿನಲ್ಲಿ.

"ಇಲ್ಲಿ ಮನೆ ಎಲ್ಲಿದೆ? ಬರೀ ಮೈದಾನ" ಎಂದರು ಭಾವ.

ಬೇಲಿ ಇಲ್ಲದ ಹಿತ್ತಲು

ಭಾವನ ಮನಸ್ಸು ನಿಂತದ್ದು ನಾವು ಕೊನೆಗೆ ನೋಡಿದ ಬಡಾವಣೆಯ ಮನೆಯೊಂದರ ಮೇಲೆ. ಏಳನೆಯ ಗುಳಿಗೆ ಹೋಗುವ ಹುಲ್ಲಿನ ಹಾದಿಯ ಪಕ್ಕದ್ದು. ಮಾರುವವರು ಬಾಗಿಲ ಬಳಿ ಒಂದು ಗಾಜಿನ ಬೋಗುಣಿಯ ತುಂಬ ಗಾಲ್ಫ್ ಚೆಂಡು ಇಟ್ಟಿದ್ದರು. ಅಲಂಕಾರಕ್ಕೆ ಎಂದುಕೊಂಡೆ. ಹಿತ್ತಲಿನಲ್ಲಿ ಬಂದು ಬಿದ್ದವು ಎಂದಳು ಲಿಂಡಾ. ಕಿಟಕಿ ಒಡೆದರೆ ಯಾರು ಹಾಕಿಸಿಕೊಡುತ್ತಾರೆ ಎಂದು ನಾನು ಕೇಳಿದೆ. ಗಾಜು ಮನೆಯವರದು, ಮೈದಾನದ ಪಕ್ಕ ಮನೆ ಕೊಂಡವರು ಚೆಂಡು ಬರುತ್ತದೆ ಎಂದು ಒಪ್ಪಿಕೊಂಡೇ ಕೊಳ್ಳುತ್ತಾರೆ ಎಂದಳು.

ಹಿತ್ತಲಿಗೆ ಬೇಲಿ ಇರಲಿಲ್ಲ. ಹಾಕುವಂತೆಯೂ ಇಲ್ಲ. ಹುಲ್ಲಿನಲ್ಲಿ ಅಲ್ಲಲ್ಲಿ ನೆಟ್ಟ ಬಿಳಿ ಗೂಟಗಳೇ ಎಲ್ಲೆ. ಲಿಂಡಾ ಒಳಗೆ ಫೋನಿನಲ್ಲಿ ಮಾತಾಡುತ್ತಿದ್ದಳು. ನಾವು ಮೂವರು ಬಂಡಿಯಲ್ಲಿ ಹಿತ್ತಲ ಕೊನೆಗೆ ಹೋದೆವು. ಅಕ್ಕ, ಭಾವ ಇಳಿದು ಗೂಟದ ಹತ್ತಿರ ನಿಂತರು. ನಾನು ಬಂಡಿಯಲ್ಲೇ ಕೂತಿದ್ದೆ. ಬಂಡಿಗೆ ಬಿಳಿಯ ಪ್ಲಾಸ್ಟಿಕ್ಕಿನ ಚಾವಣಿ ಇತ್ತು.

"ಇಲ್ಲೊಂದು ಕುರ್ಚಿ ಹಾಕ್ಕೊಂಡ್ ಕೂತ್ರೆ ಸಾಕು ಗಂಗಾ. ಟಿಕೆಟ್ ಇಲ್ದಂಗೆ ಆಟ ನೋಡ್ಬೋದು."

"ನಿಮ್ ಆಟ ನೋಡೋಕೆ ಟಿಕೆಟ್ ಬೇರೆ ಕೇಡು."

ಭಾವ ಜೋರಾಗಿ ನಕ್ಕರು. ಅವರ ನಗು ಮುಗಿಯುವಷ್ಟರಲ್ಲಿ ನಮ್ಮ ಎಡಗಡೆ, ದೂರದಿಂದ, ಒಬ್ಬ ಗಂಡಸು ಕೂಗಿದ. 'ಫೋರ್' ಎಂಬ ಒಂದೇ ಪದ, ಉದ್ದಕ್ಕೆ ಎಳೆದ ಕೂಗು. ಚೆಂಡು ದಾರಿ ತಪ್ಪಿ ಜನರ ಕಡೆಗೆ ಹೊರಟರೆ ಅಲ್ಲಿ ಹಾಗೆ ಕೂಗುತ್ತಾರೆ.

ಇಲ್ಲಿ ಒಂದು ವಿಷಯ ಹೇಳಬೇಕು. ಗುಬ್ಬಿ ಸೀಮೆಯ ತೆಂಗಿನ ತೋಟದಲ್ಲಿ ಬೆಳೆದವರಿಗೆ ಕೂಗು ಕೇಳಿದರೆ ಏನು ಮಾಡಬೇಕು ಎಂಬುದು ನಡೆಯಲು ಕಲಿಯುವಾಗಲೇ ಬರುತ್ತದೆ. ಮರ ಹತ್ತಿದವನು ಗೊನೆ ಕಡಿಯುವ ಮುಂಚೆ ಕೂಗು ಹಾಕುತ್ತಾನೆ. ಕೆಳಗಿದ್ದವರು ತಲೆ ಎತ್ತಿ ಯಾವ ಮರ, ಯಾವ ಕಡೆಗೆ ಎಂದು ನೋಡಿಕೊಂಡು ಪಕ್ಕಕ್ಕೆ ಸರಿಯಬೇಕು. ತಲೆ ತಗ್ಗಿಸಿ ಕುರುಡಾಗಿ ಓಡಿದವನೇ ಕಾಯಿಯ ಕೆಳಗೆ ಸಿಕ್ಕಿಕೊಳ್ಳುತ್ತಾನೆ. "ಕೂಗಿದ್ರೆ ಮೇಲ್ ನೋಡ್ರೇ" ಎಂದು ನಮ್ಮಪ್ಪ ನಮ್ಮಿಬ್ಬರಿಗೂ ಹೇಳಿಕೊಟ್ಟಿದ್ದರು. ಭಾವ ಗುಬ್ಬಿ ಪೇಟೆಯವರು. ಅವರ ಮನೆತನದ್ದು ಬಟ್ಟೆ ವ್ಯಾಪಾರ, ತೋಟ ಇರಲಿಲ್ಲ. ಕೂಗಿಗೆ ಏನು ಮಾಡಬೇಕು ಎಂಬುದನ್ನು ಅವರು ಕಲಿತದ್ದು ಗಾಲ್ಫ್ ಮೈದಾನದಲ್ಲಿ. ಅಲ್ಲಿ ಮೇಲೆ ನೋಡಬಾರದು. ಬಗ್ಗಿ, ಎರಡೂ ಕೈಯಿಂದ ತಲೆ ಮುಚ್ಚಿಕೊಳ್ಳಬೇಕು.

ನಾನು ಮೇಲೆ ನೋಡಿದೆ. ನನಗೆ ಬಂಡಿಯ ಚಾವಣಿ ಕಂಡಿತು. ಒಂದು ಸದ್ದು ಕೇಳಿತು, ಹಸಿ ಮರಕ್ಕೆ ಸುತ್ತಿಗೆಯಿಂದ ಹೊಡೆದಂತೆ. ಕಣ್ಣು ಇಳಿಸಿದಾಗ ಭಾವ ಮಂಡಿಯವರೆಗೆ ಬಗ್ಗಿದ್ದರು, ಎರಡೂ ಕೈ ತಲೆಯ ಮೇಲಿದ್ದವು. ಅವರ ಪಕ್ಕದಲ್ಲಿ, ಕೈಯಳತೆಯಲ್ಲಿ, ಅಕ್ಕ ಆಕಾಶಕ್ಕೆ ಮುಖ ಮಾಡಿ ನಿಂತಿದ್ದಳು. ಆಮೇಲೆ ಬಿದ್ದಳು. ಚೆಂಡು ಅವಳಿಗೆ ತಗುಲಿದ್ದನ್ನು ನಾನು ಕಾಣಲಿಲ್ಲ.

ಆಸ್ಪತ್ರೆ

ಬಲಗಣ್ಣಿನ ಕೆಳಗಿನ ಮೂಳೆ ಬಿರಿದಿತ್ತು. ಮುಖ ಊದಿ ಕಣ್ಣು ಮುಚ್ಚಿಹೋಗಿತ್ತು. ಕಣ್ಣುಗುಡ್ಡೆಗೆ ಪೆಟ್ಟಾಗಿಲ್ಲ ಎಂದು ತಿಳಿಯುವವರೆಗೆ ಭಾವ ಒಂದು ಕಡೆ ಕೂರಲಿಲ್ಲ. ವೈದ್ಯೆ ಚಿಕ್ಕ ವಯಸ್ಸಿನವಳು. ಗುಡ್ಡೆಯನ್ನು ಹೊತ್ತಿರುವ ತೆಳು ಮೂಳೆ ಇದು, ಊತ ಇಳಿದ ಮೇಲೆ ನೋಡಿ ಶಸ್ತ್ರಚಿಕಿತ್ಸೆ ಬೇಕೋ ಬೇಡವೋ ಹೇಳುತ್ತೇನೆ, ಅಲ್ಲಿಯವರೆಗೆ ಮೂಗು ಸೀಟಬಾರದು, ಬಗ್ಗಬಾರದು, ಭಾರ ಎತ್ತಬಾರದು ಎಂದಳು. ನೇರ ನೋಡಿದರೆ ಒಂದೇ ಕಾಣುತ್ತದೆ, ಮೇಲೆ ನೋಡಿದರೆ ಎರಡೆರಡು ಕಾಣಬಹುದು. ಅದು ಸರಿಹೋಗಬಹುದು, ಹೋಗದೆಯೂ ಇರಬಹುದು. ಜೀವನವೆಲ್ಲ ರೋಗಿಗಳಿಗೆ ಇಂಥ ಮಾತು ಹೇಳಿದ ಅಕ್ಕ ತಲೆಯಾಡಿಸಿದಳು.

ಭಾವ ನನ್ನನ್ನು ಪಡಸಾಲೆಗೆ ಕರೆದರು. ಅವರ ಪ್ಯಾಂಟಿನ ಮಂಡಿಗೆ ಇನ್ನೂ ಹುಲ್ಲು ಅಂಟಿತ್ತು.

"ಅವ್ನು ಕೂಗ್ಲಿಲ್ಲ ಸುಮಿ. ಕೂಗ್ದೆ ಹೊಡ್ದವ್ನೆ. ಕ್ಲಬ್‌ನವ್ರು ನಿನ್ನ ಕೇಳ್ತಾರೆ. ನೀನೂ ಅಷ್ಟೇ ಹೇಳ್ಬೇಕು."

"ಭಾವ, ನಂಗೆ ಕೇಳಿಸ್ತಲ್ಲ."

"ಅದು ಬೇರೆ ಎಲ್ಲೋ ಕೂಗಿದ್ದು. ಅವ್ನಲ್ಲ."

"ಆ ಕಡೆಯಿಂದಲೇ ಬಂತು."

"ಅಕ್ಕನ ಮುಖ ನೋಡಿದ್ಯಾ? ನೋಡ್ಕೊಂಡ್ ಬಂದು ಹಿಂಗ್ ಮಾತಾಡ್ತೀಯಲ್ಲಮ್ಮ, ನೀನು ಯಾರ್ ಕಡೆಯವಳು?"

ಕೂಗೇ ಇರಲಿಲ್ಲ ಎಂದಾದರೆ ನೀವು ಬಗ್ಗಿದ್ದು ಯಾಕೆ ಎಂದು ನಾನು ಕೇಳಬಹುದಾಗಿತ್ತು. ಮಾತು ನಾಲಿಗೆಯ ತುದಿಗೆ ಬಂದಿತ್ತು. ಅವರ ಮಂಡಿಗೆ ಅಂಟಿದ್ದ ಹುಲ್ಲನ್ನು ನೋಡಿ ನುಂಗಿಕೊಂಡೆ. ಅಷ್ಟು ವರ್ಷಗಳ ಸಂಸಾರದಲ್ಲಿ ಅವರು ಅಕ್ಕನ ಎದುರು ದನಿ ಎತ್ತಿದ್ದನ್ನು ಕಂಡವಳಲ್ಲ. ಹಿಮದಲ್ಲಿ ಅವಳ ಪಾಳಿ ಮುಗಿಯುವವರೆಗೆ ಆಸ್ಪತ್ರೆಯ ಹೊರಗೆ ಕಾರಿನಲ್ಲಿ ಕಾಯುತ್ತಿದ್ದ ಮನುಷ್ಯ. ಅವರ ಮೈ ತಾನಾಗಿ ಬಗ್ಗಿಬಿಟ್ಟಿತ್ತು. ಆ ಕೂಗು ಇರಲೇ ಇಲ್ಲ ಎಂದಾಗಿಬಿಟ್ಟರೆ ಬಗ್ಗಿದ್ದೂ ಇಲ್ಲವಾಗುತ್ತದೆ ಎಂದು ಅವರು ಹಿಡಿದುಕೊಂಡಿದ್ದರು.

ಚೆಂಡು ಹೊಡೆದವನ ಹೆಸರು ವಾಲ್ಟರ್. ತೀರ ವಯಸ್ಸಾದವನು, ಅದೇ ಸಾಲಿನ ಮೂಲೆ ಮನೆಯವನು. ಸಂಜೆ ವಾರ್ಡಿನ ಬಾಗಿಲಲ್ಲಿ ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದ. ಅವನನ್ನು ನೋಡಿದ್ದೇ ಭಾವ ಎದ್ದು ಹೊರಗೆ ಹೋದರು. ಅಕ್ಕ ಕೈಸನ್ನೆ ಮಾಡಿ ಒಳಗೆ ಕರೆದಳು. ಅವನು ಏನೋ ಹೇಳಲು ಹೋಗಿ ಅಳತೊಡಗಿದ. ಅಕ್ಕ ಒಂದೇ ಕಣ್ಣಿನಿಂದ ಅವನನ್ನು ನೋಡಿ, ನರ್ಸಿನ ದನಿಯಲ್ಲಿ, ಮಾತ್ರೆ ಸರಿಯಾಗಿ ತಗೊಳ್ಳುತ್ತಿದ್ದೀಯಾ, ಕೈ ಯಾಕೆ ಅಷ್ಟು ನಡುಗುತ್ತಿದೆ ಎಂದು ವಿಚಾರಿಸಿದಳು.

ಕ್ಲಬ್ಬಿನ ಕಚೇರಿ

ಮರುದಿನ ಬಡಾವಣೆಯ ವ್ಯವಸ್ಥಾಪಕರು ನನ್ನನ್ನು ಕರೆಸಿಕೊಂಡರು. ಭಾವ ಕಾರಿನಲ್ಲೇ ಕೂತಿದ್ದರು. ತಂಪಾದ ಕೋಣೆ, ಗೋಡೆಯ ಮೇಲೆ ಹಳೆಯ ಆಟಗಾರರ ಫೋಟೋಗಳು. ಪ್ರಶ್ನೆ ಕೇಳುವವರೂ ಅವರೇ, ಬೆರಳಚ್ಚು ಮಾಡುವವರೂ ಅವರೇ. ಎರಡು ಬೆರಳಿನಿಂದ ಒತ್ತುತ್ತಿದ್ದರು. ಇಷ್ಟು ವರ್ಷ ಯಂತ್ರದ ಹಿಂದೆ ಕೂತವಳು ಮೊದಲ ಸಲ ಅದರ ಮುಂದೆ ಕೂತೆ. ಅಲ್ಲಿಂದ ಕಾಣುವುದು ಬೇರೆಯೇ. ಕುಣಿಗಲ್ಲಿನಲ್ಲಿ ಸಾಕ್ಷಿ ತಡವರಿಸಿದರೆ ನನ್ನ ಬೆರಳುಗಳು ಕೀಲಿಗಳ ಮೇಲೆ ಅಸಹನೆಯಿಂದ ಕಾಯುತ್ತಿದ್ದವು. ತಡವರಿಸುವವರು ಸುಳ್ಳನ್ನೇ ಹುಡುಕುತ್ತಿರಬೇಕಾಗಿಲ್ಲ ಎಂದು ಈಗ ತಿಳಿಯಿತು.

ಯಾರಾದರೂ ಎಚ್ಚರಿಕೆಯ ಕೂಗು ಹಾಕಿದರೇ ಎಂದು ಕೇಳಿದರು.

"ಹಾಕಿದರು."

ಯಾವ ದಿಕ್ಕಿನಿಂದ ಎಂದರು. ಎಡದಿಂದ ಎಂದೆ. ಚೆಂಡು ತಗುಲಿದ್ದಕ್ಕೆ ಮುಂಚೆಯೋ ಆಮೇಲೋ ಎಂದರು. ಮುಂಚೆ ಎಂದೆ. ನಿಮ್ಮ ಅಕ್ಕ ಏನು ಮಾಡಿದರು ಎಂದರು. ತಲೆ ಎತ್ತಿದಳು ಎಂದೆ. ಅವರು ಬೆರಳು ನಿಲ್ಲಿಸಿ, ಯಾಕೆ ಎಂದು ಅಚ್ಚರಿಯಿಂದ ಕೇಳಿದರು. ತೆಂಗಿನ ತೋಟದ ವಿಷಯ ಹೇಳಿದೆ. ನನ್ನ ಇಂಗ್ಲಿಷಿನಲ್ಲಿ ಅದು ಎಷ್ಟು ಸೇರಿತೋ ಕಾಣೆ. ಅವರು ಅದನ್ನು ಬರೆದುಕೊಳ್ಳಲಿಲ್ಲ. ಅಷ್ಟು ಸಾಕು ಎಂದರು. ಕುಣಿಗಲ್ಲಿನ ವಕೀಲರಾಗಿದ್ದರೆ ಇನ್ನೊಂದು ಪ್ರಶ್ನೆ ಕೇಳುತ್ತಿದ್ದರು: ಪಕ್ಕದಲ್ಲಿದ್ದ ಗಂಡ ಏನು ಮಾಡಿದ? ಕೇಳಿದ್ದರೆ ಹೇಳುತ್ತಿದ್ದೆ. ಕೇಳಲಿಲ್ಲ.

ಕಾರಿಗೆ ಹಿಂದಿರುಗಿದಾಗ ಭಾವ ಏನೂ ಕೇಳಲಿಲ್ಲ. ನನ್ನ ಮುಖದಲ್ಲೇ ಉತ್ತರ ಸಿಕ್ಕಿರಬೇಕು. ಅಂದಿನಿಂದ ಅವರು ನನ್ನ ಜೊತೆ ಮಾತು ಬಿಟ್ಟರು. ಕಾಫಿ ಮಾಡಿ ನನ್ನ ಮುಂದೆ ಇಡುವರು, ಸಕ್ಕರೆ ಬೇಕೇ ಎಂದು ಕೇಳರು. ಅಕ್ಕ ಆಸ್ಪತ್ರೆಯಿಂದ ಬಂದ ಮೇಲೂ ಹಾಗೇ.

"ಕ್ಲಬ್‌ನಲ್ಲಿ ಏನಂದೆ?" ಎಂದು ಅಕ್ಕ ಕೇಳಿದಳು. ಅವಳ ತಲೆಗೆ ನಾನು ಎಣ್ಣೆ ಹಚ್ಚುತ್ತಿದ್ದೆ.

"ಕೂಗಿದ್ರು ಅಂದೆ."

"ಮತ್ತೆ? ಕೂಗಿದ್ದಕ್ಕೇ ತಾನೆ ನಾನು ಮೇಲೆ ನೋಡಿದ್ದು." ಹಣೆಗೆ ಇಳಿದ ಎಣ್ಣೆ ಒರೆಸಿಕೊಂಡು, "ಬೇರೆ ಏನಾದ್ರೂ ಕೇಳಿದ್ರಾ?"

"ಇಲ್ಲ ಕಣಕ್ಕ."

"ಒಳ್ಳೇದಾಯ್ತು ಬುಡು."

ಅವಳಿಗೆ ಎಷ್ಟು ಗೊತ್ತಿತ್ತು ಎಂದು ನನಗೆ ಆಗ ತಿಳಿಯಲಿಲ್ಲ. ನಾನೂ ಕೇಳಲಿಲ್ಲ.

ಸಾಮಾನ್ಯ ಬೀದಿ

ಊತ ಇಳಿಯಿತು. ಶಸ್ತ್ರಚಿಕಿತ್ಸೆ ಬೇಡವೆಂದಳು ವೈದ್ಯೆ. ಆದರೆ ಅಕ್ಕನಿಗೆ ಮೇಲೆ ನೋಡಿದರೆ ಇನ್ನೂ ಎರಡು ಕಾಣುತ್ತಿತ್ತು. ಕಪಾಟಿನ ಮೇಲಿನ ಹಲಗೆಯ ಡಬ್ಬಿ ತೆಗೆಯಲು ಕೈ ಚಾಚಿದರೆ ಇಲ್ಲದ ಡಬ್ಬಿಯ ಮೇಲೆ ಕೈ ಹೋಗುತ್ತಿತ್ತು. ಪ್ರತಿ ಸಲ ಅವಳ ಕೈ ತಪ್ಪಿದಾಗಲೂ ಭಾವ ಕೋಣೆ ಬಿಟ್ಟು ಎದ್ದು ಹೋಗುವರು.

ಒಂದು ಬೆಳಿಗ್ಗೆ ಅವರು ಗಾಲ್ಫ್ ಕೋಲುಗಳ ಚೀಲವನ್ನು ಒರೆಸಿ ಬಾಗಿಲ ಬಳಿ ಇಟ್ಟಿದ್ದರು.

"ಎಲ್ಲಿಗ್ರೀ?" ಎಂದಳು ಅಕ್ಕ.

"ಮಾರ್ಬಿಡ್ತೀನಿ. ಮನೇನೂ ಬೇಡ ಅಂತ ಲಿಂಡಾಗೆ ಹೇಳಿದೀನಿ. ಮಿಷಿಗನ್‌ಗೇ ವಾಪಸ್ ಹೋಗೋಣ. ಆಟ ಸಾಕು ನಂಗೆ."

"ಆಟ ಬಿಟ್ಟು ಏನ್ ಮಾಡ್ತೀರಾ?"

"ಏನಾದ್ರೂ ಮಾಡ್ತೀನಿ. ನಿನ್ನ ನೋಡ್ಕೊಂಡಿರ್ತೀನಿ."

"ಅದೇ ಬೇಡ ನಂಗೆ" ಎಂದಳು ಅಕ್ಕ. ದನಿ ಏರಿರಲಿಲ್ಲ. "ಹಿಮದೂರಲ್ಲಿ ಬಾಗ್ಲು ಹಾಕ್ಕೊಂಡು, ದಿನಾ ನನ್ನ ಮುಖ ನೋಡ್ಕೊಂಡು ಕೂತ್ರೆ ನಾನು ಒಲೆ ಮುಂದೆ ಹೆಂಗ್ ನಿಂತ್ಕೊಳ್ಲಿ? ಆಟ ಬಿಡೋ ಮಾತಿಲ್ಲ. ಬೇಲಿ ಇಲ್ದಿರೋ ಮನೆ ಬೇಡ, ಅಷ್ಟೇ."

ಆಮೇಲೆ ಮನೆ ಹುಡುಕಿದವಳು ಅಕ್ಕ. ಅವಳ ಅಳತೆ ಬೇರೆಯಾಗಿತ್ತು. ಸುತ್ತ ಗೋಡೆ ಬೇಡ. ಹುಲ್ಲಿನ ನೋಟ ಬೇಡ. ಮೆಟ್ಟಿಲಿರಬಾರದು. ಬಟ್ಟೆ ಹೊರಗೆ ಒಣಗಿಸಲು ಬಿಡಬೇಕು. ಭಾವ ಆಡಲು ಹೋದರೆ ಮಧ್ಯಾಹ್ನದ ಸಾರು ಆರುವಷ್ಟರಲ್ಲಿ ಮನೆ ಸೇರುವ ದೂರದಲ್ಲಿ ಮುನಿಸಿಪಾಲಿಟಿಯ ಆ ಮೈದಾನ ಇರಬೇಕು. ಟಿಕೆಟ್ ಕಿಟಕಿಯ ಮುದುಕಿಗೇ ಫೋನ್ ಮಾಡಿದಳು. ಆಕೆ ಒಂದು ಬೀದಿಯ ಹೆಸರು ಹೇಳಿದಳು. ಸಾಧಾರಣ ಬೀದಿ, ಚಿಕ್ಕ ಚಿಕ್ಕ ಮನೆಗಳು, ಒಂದಕ್ಕೆ ನೀಲಿ ಬಣ್ಣ, ಒಂದಕ್ಕೆ ಹಳದಿ. ಒಂದರ ಅಂಗಳದಲ್ಲಿ ಯಾರೋ ಕಾರಿನ ಕೆಳಗೆ ಮಲಗಿ ರಿಪೇರಿ ಮಾಡುತ್ತಿದ್ದರು; ಭಾವ ತಡೆಯಲಾರದೆ ಬಗ್ಗಿ ನೋಡಿ ಯಾವ ಸ್ಪ್ಯಾನರ್ ಬೇಕು ಎಂದು ಹೇಳಿದರು. ಮೊದಲು ಬಾಡಿಗೆಗೆ ಇದ್ದು ನೋಡೋಣ ಎಂದು ತೀರ್ಮಾನವಾಯಿತು. ನನ್ನ ಜೊತೆ ಮಾತ್ರ ಭಾವ ಇನ್ನೂ ಮಾತಾಡಿರಲಿಲ್ಲ.

ಮುನಿಸಿಪಾಲಿಟಿ ಮೈದಾನ

ನಾನು ಊರಿಗೆ ಹೊರಡುವ ಹಿಂದಿನ ದಿನ ವೈದ್ಯೆ ಅಕ್ಕನಿಗೆ, ಇನ್ನು ಬಗ್ಗಬಹುದು, ಎಂದಿನಂತೆ ಇರಬಹುದು ಎಂದಳು. ಎರಡು ಕಾಣುವುದು ಕಡಿಮೆಯಾಗಿದೆ, ಪೂರ್ತಿ ಹೋಗುತ್ತದೆ ಎಂದು ಮಾತು ಕೊಡಲಾರೆ ಎಂದೂ ಹೇಳಿದಳು. ಅಲ್ಲಿಂದ ಅಕ್ಕ ನೇರ ಮೈದಾನಕ್ಕೆ ಕಾರು ಬಿಡಿಸಿದಳು. ಕೋಲುಗಳ ಚೀಲವನ್ನು ಬೆಳಿಗ್ಗೆಯೇ ಡಿಕ್ಕಿಯಲ್ಲಿ ಇಡಿಸಿದ್ದಳು.

ಮಳೆ ಬಂದು ನಿಂತಿತ್ತು. ಆಟಕ್ಕೆ ಮುಂಚೆ ಕೈ ಪಳಗಿಸಿಕೊಳ್ಳುವ ಜಾಗದಲ್ಲಿ ಇಬ್ಬರೇ ಇದ್ದರು, ನಮಗೆ 'ಹಲೋ' ಎಂದು ತಮ್ಮ ಪಾಡಿಗೆ ಚೆಂಡು ಉರುಳಿಸುತ್ತಿದ್ದರು. ನಾನು ಬೆಂಚಿನ ಮೇಲೆ ಕೂತೆ. ಅಕ್ಕ ಕಪ್ಪು ಕನ್ನಡಕ ಹಾಕಿಕೊಂಡು ಹುಲ್ಲಿನ ಮೇಲೆ ನಿಂತಳು. ಭಾವ ಚೀಲವನ್ನು ನೆಲಕ್ಕಿಟ್ಟರು, ಬಿಚ್ಚಲಿಲ್ಲ.

"ಆವತ್ತು ನಾನು ಬಗ್ದೆ ಗಂಗಾ" ಎಂದರು.

"ಗೊತ್ತು ರೀ."

"ಅವ್ನು ಕೂಗಿದ್ದು ಕೇಳಿಸ್ತು ನಂಗೆ. ಕೇಳಿಸ್ದೆ ಇದ್ದಿದ್ರೆ ಬಗ್ತಾ ಇರ್ಲಿಲ್ಲ."

"ಗೊತ್ತು ಅಂದ್ನಲ್ಲ. ಬಿದ್ದಾಗ ನಿಮ್ ಮುಖ ನನ್ ಮುಖದ ಎತ್ರಕ್ಕೇ ಇತ್ತು. ನಿಂತಿರೋರ ಮುಖ ಅಲ್ಲಿರಲ್ಲ."

"ನಿನ್ನ ಎಳ್ಕೊಂಡು ಬಗ್ಬೇಕಿತ್ತು."

"ಹೂಂ. ಎಳ್ಕೋಬೇಕಿತ್ತು" ಎಂದಳು ಅಕ್ಕ.

ಅವಳು ಪರವಾಗಿಲ್ಲ ಎನ್ನಲಿಲ್ಲ. ಭಾವನೂ ಅದನ್ನು ನಿರೀಕ್ಷಿಸಿದಂತೆ ಕಾಣಲಿಲ್ಲ. ಆಮೇಲೆ ನನ್ನ ಕಡೆ ತಿರುಗಿ, "ನೀನ್ ಹೇಳಿದ್ದೇ ಸರಿ ಸುಮಿತ್ರಮ್ಮ" ಎಂದರು. ನಾನು ತಲೆಯಾಡಿಸಿದೆ.

"ಅದೆಲ್ಲ ಇರ್ಲಿ" ಎಂದಳು ಅಕ್ಕ. "ಇಲ್ಲಿ ಇರೋದು ಅಂತ ಆದ್ಮೇಲೆ ನಂಗೂ ಬರ್ಬೇಕಲ್ಲ. ಹೇಳ್ಕೊಡಿ. ಕೂಗಿ ನೀವು, ಬಗ್ತೀನಿ."

"ಇಲ್ಲಿ ಕೂಗಿದ್ರೆ ಜನ ಬಯ್ತಾರೆ ಕಣೇ."

"ಬಯ್ಲಿ ಬುಡಿ. ಕೂಗ್ರೀ."

ಭಾವ ಸಣ್ಣಗೆ ಕೂಗಿದರು. ಅಕ್ಕ ತಲೆ ಎತ್ತಿದಳು.

"ಮೇಲ್ ನೋಡ್ಬಾರ್ದು!"

"ಗೊತ್ತು, ಗೊತ್ತು. ಕತ್ತು ತಾನೇ ಹೋಗತ್ತೆ. ಇನ್ನೊಂದ್ಸಲ."

ಇನ್ನೊಂದು ಸಲವೂ ಎತ್ತಿದಳು. "ಎರಡೆರಡು ಮೋಡ ಕಾಣ್ತವೆ" ಎಂದಳು. ಭಾವ ಅವಳ ಹತ್ತಿರ ಹೋಗಿ ಅವಳ ಎರಡೂ ಕೈ ಹಿಡಿದು ತಲೆಯ ಮೇಲಿಟ್ಟು, ಭುಜ ಒತ್ತಿ, ಹೀಗೆ, ಗದ್ದ ಎದೆಗೆ ಎಂದು ತೋರಿಸಿದರು. ಹಿಂದಕ್ಕೆ ಬಂದು, ಉಸಿರು ಎಳೆದುಕೊಂಡು, ಈ ಸಲ ನಾಚಿಕೆ ಬಿಟ್ಟು ಮೈದಾನವೆಲ್ಲ ಕೇಳುವಂತೆ ಕೂಗಿದರು.

ಅಕ್ಕ ಬಗ್ಗಿದಳು. ಆಚೆ ಚೆಂಡು ಉರುಳಿಸುತ್ತಿದ್ದ ಇಬ್ಬರೂ ಕೋಲು ಬಿಸಾಡಿ ತಲೆ ಮುಚ್ಚಿಕೊಂಡು ಬಗ್ಗಿದರು. ಟಿಕೆಟ್ ಕಿಟಕಿಯ ಮುದುಕಿ ತನ್ನ ಮೇಜಿನ ಕೆಳಗೆ ಹೋದಳಂತೆ, ಆಮೇಲೆ ಬಂದು ಬಯ್ದಳು. ಇದನ್ನೆಲ್ಲ ಅವರೇ ಹೇಳಿದ್ದು. ನಾನು ಕಾಣಲಿಲ್ಲ. ನಾನು ಬೆಂಚಿನ ಮೇಲೆ ಕೂತು ಮೇಲೆ ನೋಡುತ್ತಿದ್ದೆ.